ಮಲೆನಾಡಿನ ಮಳೆಗೆ ಐಷಾರಾಮಿ ಎಸ್‌ಯುವಿಯ ಟೈರ್ ಆರಿಸುವುದು: ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಚಳಿಗೆ ವಿಂಟರ್ ಟೈರ್ ಹಾಕಿಸಬೇಕೇ ಎಂಬ ಪ್ರಶ್ನೆಯನ್ನು ಮೊದಲು ಮುಗಿಸೋಣ. ವಿಂಟರ್ ಟೈರ್ ಹಿಮ ಬೀಳುವ ದೇಶಗಳಿಗೆಂದು ಮಾಡಿದ್ದು. ಅದರ ರಬ್ಬರಿನಲ್ಲಿ ಸಿಲಿಕಾ ಹೆಚ್ಚು. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲೂ ಅದು ಗಡುಸಾಗದೆ ಮೆತ್ತಗೆ ಉಳಿಯುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಧನುರ್ಮಾಸದ ಬೆಳಗಿನ ಜಾವದಲ್ಲೂ ಚಳಿ ಅಷ್ಟು ಕೆಳಗೆ ಇಳಿಯುವುದು ಅಪರೂಪ. ಅದೇ ದಿನ ಮಧ್ಯಾಹ್ನ ಅಂಗಳದಲ್ಲಿ ಅಡಿಕೆ ಒಣಗುವಷ್ಟು ಬಿಸಿಲು. ಆ ಬಿಸಿಲಿಗೆ ವಿಂಟರ್ ಟೈರ್ ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಟ್ರೆಡ್ಡಿನ (ರಸ್ತೆಗೆ ತಾಗುವ ಮೇಲ್ಮೈಯ) ತುಂಡುಗಳು ಬಾಗಿ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಹಾಗಾಗಿ ಮಲೆನಾಡಿನಲ್ಲೇ ಓಡುವ ಗಾಡಿಗೆ ವಿಂಟರ್ ಟೈರ್ ಬೇಡ.

ನಮ್ಮಲ್ಲಿ ಟೈರಿಗೆ ನಿಜವಾದ ಪರೀಕ್ಷೆ ಮೃಗಶಿರಾ ಮಳೆಯಿಂದ ಉತ್ತರೆ ಮಳೆಯವರೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿ.ಮೀ. ಆಸುಪಾಸು ಮಳೆ, ಅದರ ಕಾಲುಭಾಗವೂ ಶಿವಮೊಗ್ಗ ಪೇಟೆಯಲ್ಲಿ ಬೀಳುವುದಿಲ್ಲ. ಬೆಳಿಗ್ಗೆ ಶಿವಮೊಗ್ಗದ ಒಣ ರಸ್ತೆಯಲ್ಲಿ ಹೊರಟ ಗಾಡಿ ಎರಡು ಗಂಟೆಯೊಳಗೆ ಘಾಟಿಯ ಜಡಿಮಳೆಯಲ್ಲಿರುತ್ತದೆ. ಎರಡು ಟನ್ನಿಗೂ ಮೀರಿ ತೂಗುವ ಗಾಡಿಯನ್ನು ಆ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡುಗಳು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇದ್ದರೆ ಏರು ಹತ್ತಲು ಅನುಕೂಲ, ಆದರೆ ಬ್ರೇಕ್ ಹಾಕಿ ನಿಲ್ಲಿಸುವಾಗ ಅದರಿಂದ ಏನೂ ಸಹಾಯವಿಲ್ಲ. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ಎಬಿಎಸ್, ಇಳಿಜಾರಿನಲ್ಲಿ ವೇಗ ಹಿಡಿದಿಡುವ ಹಿಲ್ ಡಿಸೆಂಟ್ ಕಂಟ್ರೋಲ್ ಕೂಡ ಇರುವ ಹಿಡಿತವನ್ನು ಹಂಚುತ್ತವೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. ಟೈರ್ ಆರಿಸುವಾಗ ಮೊದಲು ಒದ್ದೆ ರಸ್ತೆಯ ಹಿಡಿತ ನೋಡಿ, ಆಮೇಲೆ ಪಕ್ಕೆಯ (ರಿಮ್ಮಿಗೂ ಟ್ರೆಡ್ಡಿಗೂ ನಡುವಿನ ರಬ್ಬರ್ ಗೋಡೆಯ) ಎತ್ತರ, ಆಮೇಲೆ ಭಾರ ಹೊರುವ ಶಕ್ತಿ. ಅಂದ, ಅಗಲ, ಬಾಳಿಕೆ ಎಲ್ಲ ಇವುಗಳ ನಂತರ.

ಮೊದಲ ಹೆಜ್ಜೆ: ನಿಮ್ಮ ದಾರಿ ಎಂಥದ್ದು?

ವರ್ಷದಲ್ಲಿ ಗಾಡಿ ಓಡುವ ದೂರದಲ್ಲಿ ಎಷ್ಟು ಟಾರು, ಎಷ್ಟು ಸಿಮೆಂಟ್ ರಸ್ತೆ, ಎಷ್ಟು ಕೆಮ್ಮಣ್ಣು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ತೋಟದ ಮನೆಗೆ ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ದಾರಿ ಇದೆ ಎಂಬ ಒಂದೇ ಕಾರಣಕ್ಕೆ ದಪ್ಪ ಹಲ್ಲಿನ ಟೈರ್ ಹಾಕಿಸಿ, ಉಳಿದ ನೂರಕ್ಕೆ 95 ಭಾಗ ಟಾರಿನ ಮೇಲೆ ಜಾರುತ್ತಾ ಓಡಿಸುವವರು ಬಹಳ.

ಎಚ್‌ಟಿ, ಅಂದರೆ ಹೈವೇ ಟೆರೇನ್: ನಾಲ್ಕು ಅಗಲವಾದ ನೇರ ಕಾಲುವೆ, ಪಕ್ಕದಲ್ಲಿ ಸಣ್ಣ ಸೀಳುಗಳು. ಒದ್ದೆ ಟಾರಿಗೆ ಇದೇ ಒಳ್ಳೆಯದು. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ ದಾರಿಯಲ್ಲೋ ಸಾಗರ, ಹೊನ್ನಾವರ ದಾರಿಯಲ್ಲೋ ಓಡುವ ಗಾಡಿಗೆ ಬೇರೆ ಹುಡುಕಬೇಕಿಲ್ಲ.

ಎಟಿ, ಅಂದರೆ ಆಲ್ ಟೆರೇನ್: ಟ್ರೆಡ್ಡಿನ ತುಂಡುಗಳ ನಡುವೆ ಅಂತರ ಹೆಚ್ಚು, ಭುಜದವರೆಗೂ ಹಲ್ಲು. ನೂರರಲ್ಲಿ ಇಪ್ಪತ್ತೈದು ಮೂವತ್ತು ಭಾಗ ಕೆಮ್ಮಣ್ಣು, ಕಚ್ಚಾ ಏರು, ಜಲ್ಲಿ ದಾರಿ ಇರುವವರಿಗೆ ಸರಿ. ಎಲ್ಲ ಎಟಿಯೂ ಒಂದೇ ಅಲ್ಲ. ಬೆರಳಲ್ಲಿ ಟ್ರೆಡ್ಡಿನ ತುಂಡುಗಳನ್ನು ಅಗಲಿಸಿ ನೋಡಿ: ಪ್ರತಿ ತುಂಡಿನಲ್ಲೂ ಆಳವಾದ ಸಣ್ಣ ಸೀಳುಗಳಿದ್ದರೆ ಮಾತ್ರ ಒದ್ದೆ ಟಾರಿನಲ್ಲಿ ಹಿಡಿಯುತ್ತದೆ. ಸೀಳಿಲ್ಲದ ದಪ್ಪ ತುಂಡುಗಳ ಎಟಿ ನೋಡಲು ಗಡುಸು, ಮಳೆಯ ಘಾಟಿಯಲ್ಲಿ ಭಯ ಹುಟ್ಟಿಸುತ್ತದೆ.

ಎಂಟಿ, ಮಡ್ ಟೆರೇನ್, ಐಷಾರಾಮಿ ಎಸ್‌ಯುವಿಗೆ ಬೇಡವೇ ಬೇಡ. ರಾಡಿಯಲ್ಲಿ ಅದರಷ್ಟು ಚೆನ್ನಾಗಿ ಯಾವುದೂ ಹೋಗದು, ನಿಜ. ಆದರೆ ಟಾರಿಗೆ ತಾಗುವ ರಬ್ಬರ್ ಕಡಿಮೆ, ಸೀಳುಗಳು ಇಲ್ಲವೆನ್ನುವಷ್ಟು, ಸದ್ದು ವಿಪರೀತ.

ನಮ್ಮ ರಸ್ತೆಗಳಲ್ಲಿ ಎಲ್ಲಕ್ಕಿಂತ ಮೋಸದ್ದು ಕಾನಿನ ನೆರಳಿನಲ್ಲಿರುವ ಹಳ್ಳಿಯ ಸಿಮೆಂಟ್ ರಸ್ತೆ. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಅದರ ಮೇಲೆ ತೆಳು ಪಾಚಿ ಕಟ್ಟಿ, ಮೇಲೆ ಕೊಳೆತ ದರಗು ಅಂಟಿರುತ್ತದೆ. ಅಲ್ಲಿ ಸವೆದ ಟೈರಿನಲ್ಲಿ ಇಳಿಯುವುದೆಂದರೆ ಪಾಚಿ ಹಿಡಿದ ಅಂಗಳದಲ್ಲಿ ಹವಾಯಿ ಚಪ್ಪಲಿ ಹಾಕಿ ಓಡಿದಂತೆಯೇ. ಪಾಚಿಯ ಮೇಲೆ ದಪ್ಪ ಹಲ್ಲುಗಳಿಂದ ಉಪಯೋಗವಿಲ್ಲ. ಮೆತ್ತನೆಯ ರಬ್ಬರ್ ಮತ್ತು ತೆಳು ಸೀಳುಗಳೇ ಬೇಕು.

ಎರಡನೇ ಹೆಜ್ಜೆ: ಟೈರಿನ ಮೈಮೇಲಿನ ಬರಹ ಓದಿ

255/60 ಆರ್ 20 113 ವಿ ಎಕ್ಸ್‌ಎಲ್ ಎಂದಿದ್ದರೆ: ಅಗಲ 255 ಮಿ.ಮೀ.; ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 60; ಆರ್ ಅಂದರೆ ರೇಡಿಯಲ್ ರಚನೆಯ ಟೈರ್; ರಿಮ್ 20 ಇಂಚು. 113 ಎಂಬುದು ಭಾರದ ಸಂಖ್ಯೆ: ಒಂದು ಟೈರ್ ಹೊರಬಲ್ಲದ್ದು 1,150 ಕೆ.ಜಿ. ಈ ಕೋಷ್ಟಕದಲ್ಲಿ 105 ಅಂದರೆ 925 ಕೆ.ಜಿ., 109 ಅಂದರೆ 1,030, 112 ಅಂದರೆ 1,120. ಕೊನೆಯ ಅಕ್ಷರ ವೇಗದ ಮಿತಿ: ಎಚ್ 210 ಕಿ.ಮೀ., ವಿ 240, ಡಬ್ಲ್ಯು 270.

ಕಂಪನಿ ಕೊಟ್ಟ ಭಾರದ ಸಂಖ್ಯೆಗಿಂತ ಕಡಿಮೆಯದನ್ನು ಯಾವ ಕಾರಣಕ್ಕೂ ಹಾಕಿಸಬೇಡಿ. ಏಳು ಜನ, ಸಾಮಾನು, ಮೇಲೆ ಘಾಟಿ ಇಳಿಯುವಾಗ ಭಾರದ ಹೆಚ್ಚಿನ ಪಾಲು ಮುಂದಿನ ಎರಡು ಟೈರಿನ ಮೇಲೆ. ಅಂಗಡಿಯವರು "ಸೈಜ್ ಅದೇ ಸರ್, ಕೂರುತ್ತೆ" ಅನ್ನುತ್ತಾರೆ. ಸೈಜ್ ಅದೇ ಇದ್ದು ಭಾರದ ಸಂಖ್ಯೆ ನಾಲ್ಕೈದು ಕಡಿಮೆ ಇರುವ ಟೈರ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಎಕ್ಸ್‌ಎಲ್ ಎಂದಿದ್ದರೆ ಹೆಚ್ಚು ಭಾರದ ಬಿಗಿ ಟೈರ್. ಗಾಡಿಯ ಜೊತೆ ಎಕ್ಸ್‌ಎಲ್ ಬಂದಿದ್ದರೆ ಎಕ್ಸ್‌ಎಲ್ಲೇ ಹಾಕಿಸಿ.

ಪಕ್ಕೆಯ ಮೇಲೆ ನಕ್ಷತ್ರದ ಗುರುತಿದ್ದರೆ ಬಿಎಂಡಬ್ಲ್ಯುಗಾಗಿ ಹದಗೊಳಿಸಿದ್ದು, ಎಂಒ ಮರ್ಸಿಡಿಸ್‌ಗೆ, ಎಒ ಆಡಿಗೆ. ಈ ಗುರುತಿನ ಟೈರ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಆಕಾಶ ಬೀಳುವುದಿಲ್ಲ. ಆದರೆ ಎರಡು ಗುರುತಿದ್ದವು, ಎರಡು ಇಲ್ಲದವು ಎಂದು ಬೆರೆಸಬೇಡಿ.

ತಯಾರಾದ ವಾರ ಮತ್ತು ವರ್ಷ ಒಂದು ಪಕ್ಕೆಯಲ್ಲಿ ನಾಲ್ಕು ಅಂಕಿಯಲ್ಲಿರುತ್ತದೆ. 2325 ಅಂದರೆ 2025ರ 23ನೇ ವಾರ. 20, 21 ಇಂಚಿನ ದುಬಾರಿ ಸೈಜ್‌ಗಳು ನಿಧಾನವಾಗಿ ಮಾರಾಟವಾಗುವುದರಿಂದ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುವ ಸಾಧ್ಯತೆ ಇದೆ. ಒಂದು ವರ್ಷಕ್ಕಿಂತ ಹಳೆಯದಾದರೆ ಬೆಲೆ ಇಳಿಸಲು ಕೇಳಿ, ಎರಡು ವರ್ಷ ದಾಟಿದ್ದರೆ ಬೇರೆ ತರಿಸಲು ಹೇಳಿ.

ಮೂರನೇ ಹೆಜ್ಜೆ: ರಿಮ್ ಸಣ್ಣದು ಮಾಡಿ, ಪಕ್ಕೆ ಎತ್ತರಿಸಿ

ಮಲೆನಾಡಿಗೆ ನಾವು ಕೊಡುವ ಸಲಹೆಗಳಲ್ಲಿ ಅತಿ ಹೆಚ್ಚು ಪ್ರಯೋಜನದ್ದು ಇದು, ಮತ್ತು ಜನ ಅತಿ ಹೆಚ್ಚು ಹಿಂಜರಿಯುವುದೂ ಇದಕ್ಕೇ. ಶೋರೂಮಿನಲ್ಲಿ 21, 22 ಇಂಚಿನ ರಿಮ್ ಚೆಂದ ಕಾಣುತ್ತದೆ. ಆದರೆ ರಿಮ್ ದೊಡ್ಡದಾದಷ್ಟೂ ರಬ್ಬರ್ ಪಕ್ಕೆ ಗಿಡ್ಡ. ಮಳೆ ನೀರು ತುಂಬಿದ ಹೊಂಡದ ಆಳ ಕಾಣುವುದಿಲ್ಲ. ಅದರ ಅಂಚಿಗೆ ಬಡಿದಾಗ ಗಿಡ್ಡ ಪಕ್ಕೆ ರಿಮ್ಮಿಗೂ ಟಾರಿನ ಅಂಚಿಗೂ ನಡುವೆ ಸಿಕ್ಕಿ ಒಳಗಿನ ನೂಲು ಕಡಿಯುತ್ತದೆ. ಎರಡು ದಿನ ಬಿಟ್ಟು ಪಕ್ಕೆಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ. ಅದು ಯಾವಾಗ ಬೇಕಾದರೂ ಒಡೆಯಬಹುದು.

ಲೆಕ್ಕ ಸುಲಭ. ಅಗಲವನ್ನು ಶೇಕಡಾದಿಂದ ಗುಣಿಸಿದರೆ ಪಕ್ಕೆಯ ಎತ್ತರ. ಅದನ್ನು ಎರಡರಿಂದ ಗುಣಿಸಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಎರಡನ್ನೂ ಕೂಡಿದರೆ ಚಕ್ರದ ಒಟ್ಟು ವ್ಯಾಸ. ಲ್ಯಾಂಡ್ ರೋವರ್ ಡಿಫೆಂಡರ್‌ನ 255/60 ಆರ್ 20, 255/65 ಆರ್ 19, 255/70 ಆರ್ 18 ಮೂರಕ್ಕೂ ಈ ಲೆಕ್ಕ ಹಾಕಿ ನೋಡಿ: ಮೂರೂ 814 ಮಿ.ಮೀ. ಆಸುಪಾಸೇ. ಆದರೆ ಪಕ್ಕೆ ಮಾತ್ರ 153, 166, 178 ಮಿ.ಮೀ. ಎಂದು ಬೆಳೆಯುತ್ತದೆ. ಸ್ಪೀಡೋಮೀಟರ್ ತಪ್ಪುವುದಿಲ್ಲ, ಗಾಡಿಯ ಎತ್ತರ ಬದಲಾಗುವುದಿಲ್ಲ, ಹೊಂಡ ತಡೆಯುವ ರಬ್ಬರ್ ಮಾತ್ರ ಹೆಚ್ಚುತ್ತದೆ. ಬಿಎಂಡಬ್ಲ್ಯು ಎಕ್ಸ್5ನಲ್ಲಿ 21 ಇಂಚಿನ ಜೋಡಿ ಮುಂದೆ 275/40, ಹಿಂದೆ 315/35. ಪಕ್ಕೆ ಎರಡಕ್ಕೂ 110 ಮಿ.ಮೀ. ಮಾತ್ರ. ಅದೇ ಗಾಡಿಗೆ ನಾಲ್ಕೂ ಕಡೆ 265/50 ಆರ್ 19 ಹಾಕಿದರೆ ಪಕ್ಕೆ 132 ಮಿ.ಮೀ. ದಾಟುತ್ತದೆ, ವ್ಯಾಸದ ವ್ಯತ್ಯಾಸ ಶೇಕಡಾ 1ಕ್ಕಿಂತ ಕಡಿಮೆ. ಅಗಲ ಕಡಿಮೆಯಾದ್ದರಿಂದ ನೀರನ್ನು ಸೀಳುವುದೂ ಸುಲಭ. ಮೇಲಾಗಿ ನಾಲ್ಕೂ ಒಂದೇ ಸೈಜ್ ಆದ್ದರಿಂದ ಹಿಂದೆ ಮುಂದೆ ಅದಲು ಬದಲು ಮಾಡಬಹುದು, ಒಂದೇ ಸ್ಟೆಪ್ನಿ ಎಲ್ಲ ಕಡೆಗೂ ಆಗುತ್ತದೆ.

ಇಳಿಸುವ ಮೊದಲು ಮೂರು ವಿಷಯ ಖಚಿತಪಡಿಸಿಕೊಳ್ಳಿ. ಚಾಲಕನ ಬಾಗಿಲ ಕಂಬದ ಸ್ಟಿಕರ್ ಅಥವಾ ಕೈಪಿಡಿಯಲ್ಲಿ ಆ ಸೈಜ್ ಇದೆಯೇ? ಇಲ್ಲದಿದ್ದರೆ ವಿಮೆ, ವಾರಂಟಿ ಎರಡಕ್ಕೂ ತಕರಾರು ಬರಬಹುದು. ಸಣ್ಣ ರಿಮ್ ನಿಮ್ಮ ಗಾಡಿಯ ಬ್ರೇಕ್ ಕ್ಯಾಲಿಪರ್‌ಗೆ ತಾಗದೆ ಕೂರುತ್ತದೆಯೇ? ದೊಡ್ಡ ಎಂಜಿನ್, ದೊಡ್ಡ ಬ್ರೇಕ್ ಇರುವ ಮಾದರಿಗಳಲ್ಲಿ ಎಷ್ಟೋ ಬಾರಿ ಕೂರುವುದಿಲ್ಲ. ಮೂರನೆಯದು ನಟ್ಟುಗಳ ಅಳತೆ: ಮರ್ಸಿಡಿಸ್, ಆಡಿ, ಈಗಿನ ಬಿಎಂಡಬ್ಲ್ಯು ಹೆಚ್ಚಿನವಕ್ಕೆ 5×112 (ಐದು ನಟ್ಟು, ಅವು ಕೂರುವ ವೃತ್ತದ ವ್ಯಾಸ 112 ಮಿ.ಮೀ.), ವೋಲ್ವೊಗೆ 5×108, ಡಿಫೆಂಡರ್‌ಗೆ 5×120. ಐದು ತೂತು ಸರಿಹೊಂದಿದರೆ ಸಾಲದು. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಮತ್ತು ನಡುವಿನ ಹಬ್ ತೂತಿನ ಅಳತೆಯೂ ಹೊಂದಬೇಕು.

ನಾಲ್ಕನೇ ಹೆಜ್ಜೆ: ಒದ್ದೆ ಹಿಡಿತವನ್ನು ಅಳೆಯುವುದು

ಐರೋಪ್ಯ ಲೇಬಲ್ಲಿನಲ್ಲಿ ಮಳೆ ಮೋಡದ ಚಿತ್ರದ ಪಕ್ಕ ಎ ಇಂದ ಇ ವರೆಗೆ ದರ್ಜೆ ಇರುತ್ತದೆ. 80 ಕಿ.ಮೀ. ವೇಗದಿಂದ ಒದ್ದೆ ರಸ್ತೆಯಲ್ಲಿ ನಿಲ್ಲಲು ಒಂದೊಂದು ದರ್ಜೆಗೆ ಸುಮಾರು 3ರಿಂದ 6 ಮೀಟರ್ ವ್ಯತ್ಯಾಸ. ಎ ಅಥವಾ ಬಿ ಬಿಟ್ಟು ಕೆಳಗೆ ಹೋಗಬೇಡಿ. ಅಮೆರಿಕದ ಗುರುತಿನಲ್ಲಿ ಟ್ರ್ಯಾಕ್ಷನ್ ಎಎ ಅತ್ಯುತ್ತಮ, ಎ ಪರವಾಗಿಲ್ಲ. ಆದರೆ ಅದು ನೇರ ಬ್ರೇಕಿಂಗ್ ಮಾತ್ರ ಅಳೆಯುತ್ತದೆ, ತಿರುವನ್ನಲ್ಲ. ಪಕ್ಕದಲ್ಲೇ ಇರುವ ಟ್ರೆಡ್‌ವೇರ್ ಸಂಖ್ಯೆ ಬಾಳಿಕೆಯದ್ದು. ಆ ದೊಡ್ಡ ಸಂಖ್ಯೆಗೆ ಮರುಳಾಗಿ ಒದ್ದೆ ಹಿಡಿತವನ್ನು ಬಿಟ್ಟುಕೊಡುವವರು ಕಡಿಮೆಯಿಲ್ಲ. ನಮ್ಮ ದೇಶದಲ್ಲಿ ಎಐಎಸ್-142 ಮಾನದಂಡ ಒದ್ದೆ ಹಿಡಿತ, ಉರುಳು ಪ್ರತಿರೋಧ, ಸದ್ದು ಮೂರಕ್ಕೂ ಕನಿಷ್ಠ ಮಟ್ಟ ನಿಗದಿ ಮಾಡಿದೆ. ಹೊಸ ವಿನ್ಯಾಸಗಳಿಗೆ 2022ರ ಅಕ್ಟೋಬರ್‌ನಿಂದ ಕಡ್ಡಾಯ. ಟೈರಿಗೆ ಅಂಟಿಸಿರುವ ಸ್ಟಾರ್ ಲೇಬಲ್ ಇಂಧನ ಉಳಿತಾಯದ್ದು. ಐದು ಸ್ಟಾರ್ ಇದ್ದ ಮಾತ್ರಕ್ಕೆ ಮಳೆಯಲ್ಲಿ ಹಿಡಿಯುತ್ತದೆ ಅಂತಲ್ಲ.

ಎಂ+ಎಸ್ ಎಂಬ ಗುರುತನ್ನು ಕಂಪನಿ ಯಾವ ಪರೀಕ್ಷೆಯೂ ಇಲ್ಲದೆ ತಾನೇ ಹಾಕಿಕೊಳ್ಳಬಹುದು. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿದ್ದರೆ ಮಾತ್ರ ಹಿಮದಲ್ಲಿ ಪರೀಕ್ಷೆಯಾದ ಟೈರ್. ಆಲ್ ಸೀಸನ್ ಟೈರ್‌ಗಳಲ್ಲೂ ಕೆಲವು ಎಟಿ ಟೈರ್‌ಗಳಲ್ಲೂ ಆ ಗುರುತಿದೆ. ಅವು ನಮ್ಮ ಬೇಸಗೆಯನ್ನೂ ತಾಳುತ್ತವೆ, ಸೀಳುಗಳೂ ಹೆಚ್ಚು. ಆದರೆ ಗುರುತು ಹಿಮದ್ದು, ಮಳೆಯದಲ್ಲ. ಒದ್ದೆ ಹಿಡಿತದ ದರ್ಜೆಯನ್ನು ಪ್ರತ್ಯೇಕ ನೋಡಿಯೇ ಕೊಳ್ಳಿ.

ರನ್‌ಫ್ಲಾಟ್ ಮತ್ತು ಸ್ಟೆಪ್ನಿ

ಗಾಳಿ ಪೂರ್ತಿ ಹೋದರೂ 80 ಕಿ.ಮೀ. ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಓಡುವುದು ರನ್‌ಫ್ಲಾಟ್. ಘಾಟಿಯ ನಡುವೆ, ನೆಟ್‌ವರ್ಕ್ ಇಲ್ಲದ ಕಡೆ, ಉಂಬಳ ತುಂಬಿದ ರಸ್ತೆಯಂಚಿನಲ್ಲಿ ಜಾಕ್ ಏರಿಸಬೇಕಾಗಿಲ್ಲ ಎಂಬುದು ಸಣ್ಣ ಲಾಭವಲ್ಲ. ಅದರ ತೊಂದರೆಯೂ ದೊಡ್ಡದೇ. ಪಕ್ಕೆ ಬಿಗಿ ಇರುವುದರಿಂದ ಹೊಂಡದ ಹೊಡೆತ ನೇರ ರಿಮ್ಮಿಗೆ ಹೋಗಿ ರಿಮ್ ಬೆಂಡಾಗುತ್ತದೆ. ಗಾಳಿ ಇಲ್ಲದೆ ಓಡಿದ ರನ್‌ಫ್ಲಾಟನ್ನು ಸಾಮಾನ್ಯವಾಗಿ ಎಸೆಯಬೇಕು. ಪಕ್ಕೆಯೇ ಸೀಳಿದರೆ ರನ್‌ಫ್ಲಾಟ್ ಕೂಡ ದೂರ ಹೋಗದು. ತೋಟದ ದಾರಿಯಲ್ಲಿ ಕಡಿದ ಗಿಡದ ಕೂಳೆ, ಬಿದಿರಿನ ಸಿಬಿರು ಹರಿಯುವುದು ಪಕ್ಕೆಯನ್ನೇ.

ಆದ್ದರಿಂದ ಒಳಹಳ್ಳಿಯಲ್ಲಿ ಓಡಾಡುವವರು ಸಾದಾ ಟೈರ್ ಹಾಕಿಸಿ ಪೂರ್ಣ ಗಾತ್ರದ ಸ್ಟೆಪ್ನಿ ಇಟ್ಟುಕೊಳ್ಳುವುದೇ ಸರಿ. ಗಾಡಿಯಲ್ಲಿ ಸ್ಟೆಪ್ನಿಗೆ ಜಾಗವೇ ಇಲ್ಲದಿದ್ದರೆ ಡಿಕ್ಕಿಯಲ್ಲಿ ಪಟ್ಟಿ ಬಿಗಿದು ಕಟ್ಟಿ. ಸಡಿಲ ಬಿಟ್ಟ ಚಕ್ರ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ರನ್‌ಫ್ಲಾಟ್ ತೆಗೆದು ಸಾದಾ ಹಾಕಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಪಂಕ್ಚರ್ ದ್ರವದ ಕಿಟ್ ಮೊಳೆಯ ತೂತಿಗೆ ಸಾಕು, ಪಕ್ಕೆಯ ಸೀಳಿಗೆ ಪ್ರಯೋಜನವಿಲ್ಲ.

ನಾಲ್ಕೂ ಒಟ್ಟಿಗೇ ಏಕೆ?

ನಾಲ್ಕೂ ಚಕ್ರಕ್ಕೆ ಸದಾ ಬಲ ಹೋಗುವ ಗಾಡಿಯಲ್ಲಿ ಎರಡು ಹೊಸದು, ಎರಡು ಸವೆದದ್ದು ಇದ್ದರೆ ಸುತ್ತಳತೆ ಬೇರೆಯಾಗಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಆ ಎಳೆದಾಟವನ್ನೆಲ್ಲ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ತಿನ್ನಬೇಕು. ಬಿಸಿಯಾಗಿ ಬಿಸಿಯಾಗಿ ಅದು ಹಾಳಾದರೆ ಖರ್ಚು ನಾಲ್ಕು ಟೈರಿಗಿಂತ ಹೆಚ್ಚು. ಟ್ರೆಡ್ ಆಳದ ವ್ಯತ್ಯಾಸ 2 ಮಿ.ಮೀ. ದಾಟದಂತೆ ನೋಡಿಕೊಳ್ಳಿ. ಒಂದೇ ಟೈರ್ ಹರಿದಿದ್ದು ಉಳಿದ ಮೂರು ಅರ್ಧ ಸವೆದಿದ್ದರೆ, ಅದೇ ಕಂಪನಿಯ ಅದೇ ಮಾದರಿಯ ಅಷ್ಟೇ ಸವೆದ ಟೈರ್ ಹುಡುಕುವುದು ಒಂದು ದಾರಿ, ನಾಲ್ಕನ್ನೂ ಬದಲಿಸುವುದು ಇನ್ನೊಂದು.

ಕೊಳ್ಳುವುದು, ಕೂರಿಸುವುದು

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಹೊರದೇಶದ ಅಪರೂಪದ ಸೈಜ್‌ಗಳು ಕೇಳಿದ ತಕ್ಷಣ ಸಿಗುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಅಂಗಡಿಗಳಲ್ಲಿ 20 ಇಂಚಿನ ಟೈರ್ ಇಟ್ಟುಕೊಂಡು ಕೂರುವವರಿಲ್ಲ. ಬೆಂಗಳೂರು, ಮಂಗಳೂರಿನಿಂದ ತರಿಸಬೇಕು. ಏಪ್ರಿಲ್‌ನಲ್ಲೇ ಹೇಳಿಡಿ, ಮೇ ಎರಡನೇ ವಾರದೊಳಗೆ ಹಾಕಿಸಿ ಮುಗಿಸಿ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸುವಾಗಿನ ಜಿಡ್ಡಿನ ಪದರ ಉಳಿದಿರುತ್ತದೆ. ಅದು ಸವೆಯಲು 300 ಕಿ.ಮೀ. ಆದರೂ ಓಡಬೇಕು. ಮೃಗಶಿರಾ ಮಳೆ ಹಿಡಿದ ದಿನ ಹೊಸ ಟೈರ್ ಹಾಕಿಸಿ ನೇರ ಹುಲಿಕಲ್ ಘಾಟಿ ಇಳಿಯಬಾರದು.

ಅಂಗಡಿಯಲ್ಲಿ ನಿಂತು ಮಾಡಿಸಬೇಕಾದದ್ದು:

1. ಟೈರ್ ಕೂರಿಸುವ ಮೊದಲೇ ನಾಲ್ಕರ ತಾರೀಖು, ಭಾರದ ಸಂಖ್ಯೆ, ಐಎಸ್‌ಐ ಗುರುತು ಓದಿ. ಆಮೇಲೆ ವಾಪಸ್ ಕೊಡುವುದು ಕಷ್ಟ.
2. ತಿರುಗುವ ದಿಕ್ಕಿನ ಬಾಣ ಇದ್ದರೆ ಅದು ಮುಂದಕ್ಕೆ ತೋರಬೇಕು. ಹೊರಮುಖ ಎಂದು ಬರೆದ ಪಕ್ಕೆ ಹೊರಗಿರಬೇಕು. ತಿರುಗಾಮುರುಗಾ ಹಾಕಿದರೆ ಕಾಲುವೆಗಳು ನೀರನ್ನು ಸರಿಯಾಗಿ ಹೊರಹಾಕುವುದಿಲ್ಲ.
3. ವಾಲ್ವ್ ರಬ್ಬರ್ ಹೊಸದು ಹಾಕಿಸಿ. ಗಾಳಿ ತೋರಿಸುವ ಸೆನ್ಸರ್ ಇರುವ ಕಡೆ ಮಿಷಿನ್ನಿನ ತುಟಿ ತಾಗದಂತೆ ಮೊದಲೇ ಎಚ್ಚರಿಸಿ, ಮುರಿಯುವುದು ಅಲ್ಲೇ.
4. ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕ ಬಳಸಲಿ, ಅಲಾಯ್ ಅಂಚಿಗೆ ಬಡಿಯುವ ತೂಕ ಬೇಡ. ಆಮೇಲೆ ವೀಲ್ ಅಲೈನ್‌ಮೆಂಟ್.
5. ನಟ್ಟುಗಳನ್ನು ಗಾಳಿ ಗನ್ನಿನಲ್ಲಿ ಕೊನೆತನಕ ಬಿಗಿಯಲು ಬಿಡಬೇಡಿ. ಟಾರ್ಕ್ ವ್ರೆಂಚ್ ಕೇಳಿ. ಬಿಎಂಡಬ್ಲ್ಯು, ವೋಲ್ವೊ, ಮರ್ಸಿಡಿಸ್‌ನಂಥ ಗಾಡಿಗಳಲ್ಲಿ ಸುಮಾರು 140ರಿಂದ 150 ನ್ಯೂಟನ್ ಮೀಟರ್. ನಿಮ್ಮದರ ನಿಖರ ಅಂಕಿ ಕೈಪಿಡಿಯಲ್ಲಿದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.
6. ಗಾಡಿಯ ಪರದೆಯಲ್ಲಿ ಟೈರ್ ಒತ್ತಡವನ್ನು ರೀಸೆಟ್ ಮಾಡಿ.

ಗಾಳಿ: ಎಲ್ಲಕ್ಕಿಂತ ಅಗ್ಗದ ಸುರಕ್ಷತೆ

ನಿಂತ ನೀರಿನ ಮೇಲೆ ಟೈರ್ ತೇಲಲು ಶುರುವಾಗುವ ವೇಗ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ವಿಮಾನದ ಚಕ್ರಗಳಿಗೆಂದು ನಾಸಾ ಕಂಡುಕೊಂಡ ಸೂತ್ರದಂತೆ 33 ಪಿಎಸ್‌ಐಗೆ (ಪಿಎಸ್‌ಐ ಗಾಳಿಯ ಒತ್ತಡದ ಅಳತೆ) ಅದು ಸುಮಾರು 95 ಕಿ.ಮೀ., 25 ಪಿಎಸ್‌ಐಗೆ 83 ಕಿ.ಮೀ. ಅಗಲ ಹೆಚ್ಚಿದ್ದು ಟ್ರೆಡ್ ಸವೆದಿದ್ದರೆ ಕಾರಿನ ಟೈರ್ ಇನ್ನೂ ಮೊದಲೇ ತೇಲಬಹುದು. ಮಳೆಗಾಲದಲ್ಲಿ ಗ್ರಿಪ್ ಹೆಚ್ಚಲಿ ಎಂದು ಗಾಳಿ ಇಳಿಸಿ ಓಡಿಸುವ ರೂಢಿ ಟಾರಿನ ಮೇಲೆ ಪೂರ್ತಿ ತಪ್ಪು. ರಾಡಿಯಲ್ಲಿ ಸಿಕ್ಕಿಕೊಂಡಾಗ ಐದಾರು ಪಿಎಸ್‌ಐ ಇಳಿಸಿ ಹೊರಬರಬಹುದು, ಆದರೆ ಟಾರಿಗೆ ಬಂದೊಡನೆ ತುಂಬಿಸಲೇಬೇಕು. ಅದಕ್ಕಾಗಿ 12 ವೋಲ್ಟಿನ ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿರಲಿ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರದಲ್ಲಿ ನೋಡಿದರೆ ಬ್ರೇಕಿನ ಕಾವಿಗೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತೆಂದು ಅಲ್ಲಿ ಗಾಳಿ ಬಿಟ್ಟರೆ ತಣಿದ ಮೇಲೆ ಕೊರತೆ. ಪೂರ್ತಿ ಜನ, ಸಾಮಾನು ತುಂಬಿದಾಗಿನ ಅಂಕಿ ಸ್ಟಿಕರ್‌ನಲ್ಲಿ ಬೇರೆಯೇ ಇರುತ್ತದೆ, ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಹೆಚ್ಚು.

ಯಾವಾಗ ಬದಲಿಸಬೇಕು

ಕಾನೂನಿನ ಮಿತಿ 1.6 ಮಿ.ಮೀ. ಕಾಲುವೆಯ ತಳದಲ್ಲಿರುವ ಸಣ್ಣ ದಿಣ್ಣೆಗಳು ಟ್ರೆಡ್ಡಿನ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿದೆ ಎಂದರ್ಥ. ಮಲೆನಾಡಿಗೆ ಅದು ತೀರಾ ತಡ. ಹೊಸ ಎಚ್‌ಟಿ ಟೈರಿನಲ್ಲಿ ಸುಮಾರು 8 ಮಿ.ಮೀ. ಆಳ, 3 ಮಿ.ಮೀ.ಗೆ ಇಳಿದರೆ ಮಳೆಗಾಲಕ್ಕೆ ಮೊದಲು ಬದಲಿಸಿ, 4 ಇದ್ದರೆ ಈ ಮಳೆ ಕಳೆಯುತ್ತದೆ, ಮುಂದಿನದಕ್ಕೆ ಆಗದು. ಆಳ ಅಳೆಯುವ ಗೇಜ್ ಅಗ್ಗ. ಒಳ ಅಂಚು, ನಡು, ಹೊರ ಅಂಚು ಮೂರು ಕಡೆ ಅಳೆಯಿರಿ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿದೆ. ಟ್ರೆಡ್ ಎಷ್ಟೇ ಉಳಿದಿರಲಿ, ಆರು ವರ್ಷ ದಾಟಿದ ಟೈರಿನ ಪಕ್ಕೆಯಲ್ಲಿ ಬಿರುಕು ಹುಡುಕಿ. ಹತ್ತು ವರ್ಷವಾದರೆ ನೋಡುವುದೇ ಬೇಡ, ತೆಗೆಸಿ.

ಪಂಕ್ಚರ್ ಟ್ರೆಡ್ಡಿನ ಭಾಗದಲ್ಲಿ 6 ಮಿ.ಮೀ. ಒಳಗಿದ್ದರೆ ಮಾತ್ರ ರಿಪೇರಿ. ಹೊರಗಿನಿಂದ ತುರುಕುವ ಬತ್ತಿ ಮನೆ ತಲುಪಿಸುತ್ತದೆ. ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ.

ನಿಜವಾಗಿ ಹಿಮದ ಕಡೆ ಹೊರಟರೆ

ಜನವರಿಯಲ್ಲಿ ಸ್ಪಿತಿ, ಕಾಶ್ಮೀರಕ್ಕೆ ಸ್ವಂತ ಗಾಡಿಯಲ್ಲಿ ಹೋಗುವವರಿಗೆ ವಿಂಟರ್ ಟೈರೇ ಉತ್ತಮ. ಅದಕ್ಕೂ ನಾಲ್ಕು ಟೈರ್, ಸಣ್ಣ ರಿಮ್, ಕಿರಿದಾದ ಅಗಲ. ಹಿಮದಲ್ಲಿ 4 ಮಿ.ಮೀ.ಗಿಂತ ಕಡಿಮೆ ಟ್ರೆಡ್ ಕೆಲಸಕ್ಕೆ ಬಾರದು. ಶಿವಮೊಗ್ಗದಿಂದ ಅದನ್ನೇ ಹಾಕಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬೆಚ್ಚನೆಯ ರಸ್ತೆಯಲ್ಲಿ ಓಡಿಸಿದರೆ ಅಲ್ಲಿ ಮುಟ್ಟುವಾಗ ಬಹಳಷ್ಟು ಸವೆದಿರುತ್ತದೆ. ಹಾಗಾಗಿ ಹಿಮದ ಹರಳಿನ ಗುರುತಿರುವ ಆಲ್ ಸೀಸನ್ ಟೈರ್ ಹಾಕಿ, ಡಿಕ್ಕಿಯಲ್ಲಿ ನಿಮ್ಮ ಸೈಜಿನ ಹಿಮದ ಸರಪಳಿ ಇಟ್ಟುಕೊಂಡು ಹೋಗುವುದು ಹೆಚ್ಚಿನವರಿಗೆ ಸಾಕು. ಗಿಡ್ಡ ಪಕ್ಕೆಯ 21 ಇಂಚಿಗೆ ಸರಪಳಿ ಕೂರದೇ ಇರಬಹುದು. ಕೈಪಿಡಿಯಲ್ಲಿ ಯಾವ ಸೈಜಿಗೆ ಅನುಮತಿ ಇದೆ ನೋಡಿ.

ಬದಲಿಸಿದಾಗ ತೆಗೆದಿಟ್ಟ ಟೈರ್‌ಗಳ ಜೊತೆಯನ್ನು ತೊಳೆದು, ಒಣಗಿಸಿ, ಯಾವ ಚಕ್ರ ಯಾವ ಕಡೆಯದೆಂದು ಸೀಮೆಸುಣ್ಣದಲ್ಲಿ ಬರೆದು, ಕಪ್ಪು ಚೀಲದಲ್ಲಿ ಕಟ್ಟಿಡಿ. ರಿಮ್ ಸಹಿತವಾದರೆ ಒಂದರ ಮೇಲೊಂದು ಮಲಗಿಸಬಹುದು; ಬರೀ ಟೈರಾದರೆ ನಿಲ್ಲಿಸಿಟ್ಟು ತಿಂಗಳಿಗೊಮ್ಮೆ ತುಸು ತಿರುಗಿಸಿ. ಅಡಿಕೆ ಬೇಯಿಸುವ ಒಲೆಯ ಹತ್ತಿರವೂ ಪಂಪ್‌ಸೆಟ್ ಮೋಟಾರಿನ ಕೋಣೆಯಲ್ಲೂ ಬೇಡ: ಕಾವು ರಬ್ಬರನ್ನು ಒಣಗಿಸುತ್ತದೆ, ಮೋಟಾರಿನ ಕಿಡಿಯಿಂದ ಹುಟ್ಟುವ ಓಜೋನ್ ಪಕ್ಕೆಯನ್ನು ಬಿರಿಸುತ್ತದೆ.